ಮೊಳೆ ಅಲ್ಲೇ ಇದೆ, ಪಟ ಕೆಳಗಿದೆ

ಗೋಡೆಗೆ ತೂಗುಹಾಕಿದ ಪಟವೊಂದು ನಡುರಾತ್ರಿಯಲ್ಲಿ ದೊಪ್ಪನೆ ಬಿದ್ದರೆ ಮನೆಮಂದಿಯೆಲ್ಲ ಎದ್ದು ಕೂರುತ್ತಾರೆ. ಹಿರಿಯರು ಅಪಶಕುನವೆಂದು ದೇವರಿಗೆ ಕೈಮುಗಿಯುತ್ತಾರೆ. ಕಿರಿಯರು ಮೊಳೆ ಹೊಡೆದವರನ್ನು ನೆನೆಸಿಕೊಂಡು ಬೈಯುತ್ತಾರೆ. ದೀಪ ಹಾಕಿ ನೋಡಿದರೆ ಗಾಜಿನ ಚೂರುಗಳ ನಡುವೆ ಪಟ ಬೋರಲಾಗಿ ಬಿದ್ದಿರುತ್ತದೆ; ಬೈಸಿಕೊಂಡ ಮೊಳೆ ಮಾತ್ರ ಗೋಡೆಯಲ್ಲಿ ಇದ್ದ ಹಾಗೆಯೇ ಇರುತ್ತದೆ. ಎಷ್ಟೋ ಸಲ ಹೀಗೇ ಆಗುವುದು. ಕೈಕೊಟ್ಟದ್ದು ಮೊಳೆಯಲ್ಲ, ಅದರ ಮೇಲೆ ಹಾದುಹೋದ ತಂತಿ. ಇಲ್ಲವೇ ಆ ತಂತಿಯನ್ನು ಹಿಡಿದುಕೊಂಡಿದ್ದ, ಚೌಕಟ್ಟಿನ ಬೆನ್ನಿಗೆ ತಿರುಪಿದ ಪುಟ್ಟ ಕೊಕ್ಕೆ.

ಪಟ ತೂಗುಹಾಕುವುದು ನಮ್ಮಲ್ಲಿ ಹೊಸ ಅಭ್ಯಾಸವೇನೂ ಅಲ್ಲ. 1894ರಲ್ಲಿ ರವಿವರ್ಮನ ಮುದ್ರಣಾಲಯ ಆರಂಭವಾದ ಮೇಲೆ ಲಕ್ಷ್ಮಿ, ಸರಸ್ವತಿಯರ ಬಣ್ಣದ ಚಿತ್ರಗಳು ಸಾಮಾನ್ಯರ ಮನೆಗಳಿಗೂ ಬಂದವು. ಅವುಗಳಿಗೆ ಕಟ್ಟು ಹಾಕಿಸಿ, ತಾತ ಮುತ್ತಾತಂದಿರ ಭಾವಚಿತ್ರಗಳ ಜೊತೆಗೆ ನಡುಮನೆಯ ಗೋಡೆಯಲ್ಲಿ ಎತ್ತರಕ್ಕೆ ಸಾಲಾಗಿ ತೂಗುಹಾಕುವುದು ರೂಢಿಯಾಯಿತು. ಪಟಗಳೆಲ್ಲ ಸ್ವಲ್ಪ ಮುಂದಕ್ಕೆ ಬಾಗಿರುತ್ತಿದ್ದವು. ಅದು ಭಕ್ತರನ್ನು ನೋಡಲೆಂದು ದೇವರು ಬಾಗಿದ್ದಲ್ಲ. ತಂತಿಯ ಕೊಕ್ಕೆಗಳನ್ನು ಚೌಕಟ್ಟಿನ ತಲೆಗೆ ಹಾಕದೆ ಒಂದಿಷ್ಟು ಕೆಳಗೆ ಹಾಕಿದರೆ ಪಟದ ತಲೆ ತಾನಾಗಿ ಮುಂದೆ ಬರುತ್ತದೆ. ಕೊಕ್ಕೆ ಕೆಳಗಿಳಿದಷ್ಟೂ ಬಾಗು ಹೆಚ್ಚು. ಹೀಗೆ ಬಾಗಿಸುವುದರಲ್ಲಿ ಲಾಭವೂ ಇತ್ತು: ಚಾಪೆಯ ಮೇಲೆ ಕುಳಿತವರಿಗೆ ಚಿತ್ರ ನೇರವಾಗಿ ಕಾಣುತ್ತಿತ್ತು, ಎದುರಿನ ಕಿಟಕಿಯ ಬೆಳಕು ಗಾಜಿನಲ್ಲಿ ಪ್ರತಿಫಲಿಸಿ ಕಣ್ಣಿಗೆ ಹೊಡೆಯುತ್ತಿರಲಿಲ್ಲ, ಗಾಜಿನ ಮೇಲೆ ಧೂಳು ಕಡಿಮೆ ಕೂರುತ್ತಿತ್ತು. ಪಟದ ಹಿಂದಿನ ಆ ಮುಕ್ಕೋನದ ಜಾಗದಲ್ಲಿ ಗುಬ್ಬಚ್ಚಿಗಳು ಗೂಡು ಕಟ್ಟುತ್ತಿದ್ದುದು ಮನೆಯೊಡತಿಯ ಪಾಲಿಗೆ ಬೋನಸ್ಸೋ ಕಾಟವೋ, ಅವರವರೇ ಹೇಳಬೇಕು.

ಈಗ ಹೊಸ ಬಗೆಯೊಂದು ಬಂದಿದೆ. ಸೂರಿನ ಅಂಚಿಗೆ, ಗೋಡೆಯ ಉದ್ದಕ್ಕೂ, ಅಲ್ಯೂಮಿನಿಯಂ ಹಳಿಯೊಂದನ್ನು ಕೂರಿಸುತ್ತಾರೆ. ಅದರಿಂದ ಕೂದಲಿಗಿಂತ ಸ್ವಲ್ಪ ದಪ್ಪವೆನ್ನಬಹುದಾದ ಉಕ್ಕಿನ ಹುರಿತಂತಿಗಳು ಇಳಿಬಿದ್ದಿರುತ್ತವೆ. ತಂತಿಯ ಮೇಲೆ ಬೇಕಾದ ಎತ್ತರಕ್ಕೆ ಜಾರಿಸಿ ನಿಲ್ಲಿಸಬಹುದಾದ ಹಿಡಿಕೆಗಳಿರುತ್ತವೆ. ಪಟ, ಗಾಜಿನ ಹಲಗೆ, ಹೂವಿನ ಕುಂಡ, ದೀಪ, ಏನನ್ನು ಬೇಕಾದರೂ ಅದಕ್ಕೆ ಸಿಕ್ಕಿಸಬಹುದು. ಚಿತ್ರ ಬದಲಾಯಿಸಲು ಹೊಸ ಮೊಳೆ ಬೇಡ, ಹೊಸ ತೂತು ಬೇಡ. ಬಾಡಿಗೆ ಮನೆಯಲ್ಲಿ ಮೊಳೆಗೊಂದು ಲೆಕ್ಕ ಹಿಡಿದು ಮುಂಗಡದಲ್ಲಿ ಮುರಿದುಕೊಳ್ಳುವ ಮಾಲೀಕರಿರುವ ಊರುಗಳಲ್ಲಿ ಇದು ಸಣ್ಣ ಸಂಗತಿಯಲ್ಲ. ಚಿತ್ರಶಾಲೆಗಳಿಗಂತೂ ಇದೇ ಅನುಕೂಲ. ಚಿತ್ರವನ್ನು ಗೋಡೆಯಿಂದ ಪೂರ್ತಿ ಬಿಡಿಸಿದವರೂ ಇದ್ದಾರೆ. 1942ರಲ್ಲಿ ನ್ಯೂಯಾರ್ಕಿನಲ್ಲಿ ಪೆಗ್ಗಿ ಗುಗೆನ್‌ಹೈಮ್ ಎಂಬಾಕೆ ತೆರೆದ ಚಿತ್ರಶಾಲೆಗೆ ಫ್ರೆಡರಿಕ್ ಕೀಸ್ಲರ್ ಎಂಬ ವಾಸ್ತುಶಿಲ್ಪಿ ಒಂದು ಕೋಣೆಯಲ್ಲಿ ನೆಲದಿಂದ ಸೂರಿಗೆ ಪಟ್ಟಿಗಳನ್ನು ಎಳೆದು ಕಟ್ಟಿ, ಚೌಕಟ್ಟಿಲ್ಲದ ಚಿತ್ರಗಳನ್ನು ಅವಕ್ಕೆ ಸಿಕ್ಕಿಸಿ ಗಾಳಿಯಲ್ಲಿ ನಿಲ್ಲಿಸಿದ್ದ.

ನೋಡಲು ಚೆಂದ. ಆದರೆ ತಂತಿ ಹಳೆಯದಿರಲಿ ಹೊಸದಿರಲಿ, ಗೋಡೆಯಲ್ಲಿರಲಿ ಸೂರಿನಲ್ಲಿರಲಿ, ಅದಕ್ಕೆ ಗೊತ್ತಿರುವುದು ಎಳೆತದ ಭಾಷೆ ಒಂದೇ. ಆ ಎಳೆತ ಎಷ್ಟು ಎಂಬುದು ಪಟದ ತೂಕದಿಂದ ಮಾತ್ರ ನಿರ್ಧಾರವಾಗುವುದಿಲ್ಲ. ಜನ ಎಡವುವುದು ಇಲ್ಲಿ.

ಮೊದಲು ತೂಕವನ್ನೇ ನೋಡೋಣ. ಗಾಜಿನ ಸಾಂದ್ರತೆ ನೀರಿನ ಎರಡೂವರೆ ಪಟ್ಟು. 3 ಮಿಲಿಮೀಟರ್ ದಪ್ಪದ ಗಾಜು ಒಂದು ಚದರ ಮೀಟರಿಗೆ ಏಳೂವರೆ ಕಿಲೋ ತೂಗುತ್ತದೆ. 60 ಸೆಂಟಿಮೀಟರ್ ಅಗಲ, 90 ಸೆಂಟಿಮೀಟರ್ ಎತ್ತರದ ಪಟದಲ್ಲಿ ಗಾಜೊಂದೇ 4 ಕಿಲೋ ಆಯಿತು. ಅದರ ಮೇಲೆ ತೇಗದ ಕಟ್ಟು, ಹಿಂಬದಿಯ ಹಲಗೆ. ಮರದ ಹಲಗೆಯ ಮೇಲೆ ಬರೆದು, ಗಚ್ಚಿನ ಉಬ್ಬುಗೆಲಸಕ್ಕೆ ಚಿನ್ನದ ರೇಕು ಹಚ್ಚಿದ ತಂಜಾವೂರು ಶೈಲಿಯ ಚಿತ್ರವಾದರೆ ಇನ್ನೂ ಭಾರ. ಲೆಕ್ಕಕ್ಕೆ ಸುಲಭವಾಗಲೆಂದು ಒಟ್ಟು 10 ಕಿಲೋ ಎನ್ನೋಣ.

ಈ ಪಟದ ಬೆನ್ನಿನ ಎರಡು ಬದಿಗೆ ಎರಡು ಕೊಕ್ಕೆ, ಅವುಗಳ ನಡುವೆ ತಂತಿ, ತಂತಿಯ ನಡುಭಾಗ ಒಂದು ಮೊಳೆಯ ಮೇಲೆ. ಮೊಳೆ ಹೊರುವುದು 10 ಕಿಲೋ. ತಂತಿ ಹೇಗೇ ಇರಲಿ, ಅದಕ್ಕೆ ಅಷ್ಟೇ. ತಂತಿಯ ಎರಡು ತೋಳುಗಳು ಈ ಭಾರವನ್ನು ಹಂಚಿಕೊಳ್ಳುತ್ತವೆ. ಹಾಗಾದರೆ ತಲಾ 5 ಕಿಲೋ ಎಂದು ಯಾರಾದರೂ ಹೇಳಿಯಾರು. ಎರಡು ತೋಳುಗಳೂ ನೆಟ್ಟಗೆ ಲಂಬವಾಗಿದ್ದರೆ ಮಾತ್ರ ಆ ಮಾತು ನಿಜ. ತೋಳು ಓರೆಯಾದೊಡನೆ ಲೆಕ್ಕ ಬದಲಾಗುತ್ತದೆ. ಓರೆಯಾದ ತಂತಿಯ ಎಳೆತದಲ್ಲಿ ಮೇಲಕ್ಕೆ ಎತ್ತುವ ಪಾಲು ಸ್ವಲ್ಪ, ಪಕ್ಕಕ್ಕೆ ಎಳೆಯುವ ಪಾಲು ಸ್ವಲ್ಪ. ಪಟವನ್ನು ಹಿಡಿದು ನಿಲ್ಲಿಸುವುದು ಮೇಲಕ್ಕೆ ಎತ್ತುವ ಪಾಲು ಮಾತ್ರ. ಎರಡು ತೋಳುಗಳೂ ಪಕ್ಕಕ್ಕೆ ಎಳೆಯುವುದು ಒಂದನ್ನೊಂದು ಹೊಡೆದುಹಾಕುವ ವ್ಯರ್ಥ ಜಗ್ಗಾಟ. ತಂತಿ ಚಪ್ಪಟೆಯಾದಷ್ಟೂ ಎತ್ತುವ ಪಾಲು ಕಡಿಮೆಯಾಗುವುದರಿಂದ, ಅದೇ 10 ಕಿಲೋ ಎತ್ತಲು ಒಟ್ಟು ಎಳೆತ ಹೆಚ್ಚಬೇಕಾಗುತ್ತದೆ.

ಪ್ರೌಢಶಾಲೆಯಲ್ಲಿ ಸೈನ್ ಕೋಷ್ಟಕ ಕಲಿತವರು ಇದನ್ನು ಎರಡು ನಿಮಿಷದಲ್ಲಿ ಲೆಕ್ಕ ಹಾಕಬಹುದು: ತೂಕವನ್ನು, ತಂತಿ ಅಡ್ಡರೇಖೆಯೊಂದಿಗೆ ಮಾಡುವ ಕೋನದ ಸೈನಿನ ಇಮ್ಮಡಿಯಿಂದ ಭಾಗಿಸಿದರೆ ಆಯಿತು. ಕೋನ 60 ಡಿಗ್ರಿ ಇದ್ದಾಗ ತಂತಿಯ ಒಂದೊಂದು ತೋಳಿನಲ್ಲಿ ಸುಮಾರು 5.8 ಕಿಲೋ ಎಳೆತ. 45 ಡಿಗ್ರಿಗೆ 7. 30 ಡಿಗ್ರಿಗೆ ಬಂದಾಗ ಸರಿಯಾಗಿ 10, ಎಂದರೆ ಇಡೀ ಪಟದ ತೂಕವೇ ಒಂದೊಂದು ತೋಳಿನ ಮೇಲೆ. ಇಲ್ಲಿಯವರೆಗೆ ಏನೂ ಭಯವಿಲ್ಲ. 15 ಡಿಗ್ರಿಗೆ 19 ಕಿಲೋ ದಾಟುತ್ತದೆ. 10 ಡಿಗ್ರಿಗೆ ಸುಮಾರು 29. ಐದೇ ಡಿಗ್ರಿಗೆ 57! ಪಟ ಅದೇ, ಮೊಳೆ ಅದೇ, ಮೊಳೆಯ ಮೇಲಿನ ಭಾರವೂ ಅದೇ 10 ಕಿಲೋ.

ಕಟ್ಟು ಹಾಕುವ ಅಂಗಡಿಯವರು, ಮೊಳೆ ಪಟದ ಮೇಲೆ ಇಣುಕಬಾರದೆಂದು, ತಂತಿಯನ್ನು ಬಿಗಿಯಾಗಿ ಎಳೆದು ಕಟ್ಟಿಕೊಡುತ್ತಾರೆ. ಗಿರಾಕಿಗೂ ಅದೇ ಇಷ್ಟ. ತಂತಿ ಬಿಗಿಯಾಗಿದ್ದರೆ ಭದ್ರ ಎಂಬ ಭಾವನೆ. ವಾಸ್ತವ ಇದಕ್ಕೆ ತಿರುಗುಮುರುಗು. ಸಡಿಲ ತಂತಿಯೇ ಸುಖಿ. ಬಿಗಿದ ತಂತಿ ತನ್ನನ್ನು ಮಾತ್ರ ನೋಯಿಸಿಕೊಳ್ಳುವುದಿಲ್ಲ. ಎರಡು ಬದಿಯ ಕೊಕ್ಕೆಗಳನ್ನು ಒಳಮುಖವಾಗಿ ಜಗ್ಗುತ್ತದೆ. 10 ಡಿಗ್ರಿ ಕೋನದಲ್ಲಿ ಚೌಕಟ್ಟಿನ ಎರಡು ಪಕ್ಕಗಳನ್ನು ತಲಾ 28 ಕಿಲೋ ಬಲದಿಂದ ಒತ್ತಿ ಹಿಡಿದಂತಾಯಿತು. ಮೂಲೆಗಳ ಬೆಸುಗೆ ಬಿಡುವುದು, ಗಾಜು ತಾನಾಗಿ ಸೀಳುಬಿಡುವುದು, ಮರದಲ್ಲಿನ ತಿರುಪು ದಿನದಿನಕ್ಕೆ ಓರೆಯಾಗಿ ಒಂದು ರಾತ್ರಿ ಕಳಚಿಕೊಳ್ಳುವುದು, ಎಲ್ಲ ಇದರ ಫಲ.

ಪಟ ಸದಾ ವಾರೆಯಾಗುವ ಕಾಯಿಲೆಗೂ ಬೇರು ಇಲ್ಲೇ ಇದೆ. ಬೆಳಿಗ್ಗೆ ನೆಟ್ಟಗೆ ಮಾಡಿದ ಪಟ ಸಂಜೆಗೆ ಒಂದು ಕಡೆ ವಾಲಿರುತ್ತದೆ. ಪಕ್ಕದ ಮನೆಯ ಗ್ರೈಂಡರು, ಬಾಗಿಲು ಬಡಿದುಕೊಂಡದ್ದು, ಬೀದಿಯ ಲಾರಿ, ಹೀಗೆ ಕಾರಣಗಳನ್ನು ಹುಡುಕುವುದುಂಟು. ಇವೆಲ್ಲ ನೆಪ ಮಾತ್ರ. ನುಣುಪಾದ ಮೊಳೆಯ ಮೇಲೆ ಜಾರಬಲ್ಲ ತಂತಿಗೆ ತೂಗಿದ ಪಟ, ತಂತಿ ಸಾಕಷ್ಟು ಉದ್ದವಿದ್ದರೆ ಮಾತ್ರ ತಾನಾಗಿ ನೆಟ್ಟಗಿನ ಸ್ಥಿತಿಗೆ ಮರಳುತ್ತದೆ. ಎಷ್ಟು ಉದ್ದ? ಕೊಕ್ಕೆಗಳು ಒಂದಕ್ಕೊಂದು 60 ಸೆಂಟಿಮೀಟರ್ ದೂರದಲ್ಲಿ, ಪಟದ ಗುರುತ್ವ ಕೇಂದ್ರಕ್ಕಿಂತ 20 ಸೆಂಟಿಮೀಟರ್ ಮೇಲೆ ಇವೆಯೆನ್ನಿ. ಆಗ ಮೊಳೆ ಕೊಕ್ಕೆಗಳ ಸಾಲಿಗಿಂತ 45 ಸೆಂಟಿಮೀಟರಿಗೂ ಹೆಚ್ಚು ಎತ್ತರದಲ್ಲಿರಬೇಕು. ಅಷ್ಟು ಉದ್ದದ ತಂತಿಯನ್ನು ಯಾರು ಬಿಡುತ್ತಾರೆ? ಸಾಮಾನ್ಯವಾಗಿ ಐದೋ ಹತ್ತೋ ಸೆಂಟಿಮೀಟರ್ ಇರುತ್ತದೆ. ಅಂಥ ಪಟ ನೆಟ್ಟಗೆ ನಿಂತಿರುವುದು ಪೆನ್ಸಿಲನ್ನು ಮೊನೆಯ ಮೇಲೆ ನಿಲ್ಲಿಸಿದ ಹಾಗೆ. ಮೊಳೆಗೂ ತಂತಿಗೂ ನಡುವಿನ ಘರ್ಷಣೆಯೊಂದೇ ಅದನ್ನು ಹಿಡಿದಿರುತ್ತದೆ. ಪ್ರತಿ ಕಂಪನಕ್ಕೂ ತಂತಿ ಕೂದಲೆಳೆಯಷ್ಟು ಜಾರುತ್ತದೆ, ವಾಲುವ ಕಡೆಗೇ ಜಾರುತ್ತದೆ. ನೆಟ್ಟಗೆ ಮಾಡಿ ಮಾಡಿ ಬೇಸತ್ತವರು ಒಂದು ಮೊಳೆಯ ಬದಲು, ಒಂದು ಗೇಣು ಅಂತರದಲ್ಲಿ ಎರಡು ಮೊಳೆ ಹೊಡೆದು ನೋಡಲಿ. ರೋಗ ಅಂದೇ ಬಿಡುತ್ತದೆ.

ಸೂರಿನ ಹಳಿಯಿಂದ ಇಳಿದ ಎರಡು ಲಂಬ ತಂತಿಗಳ ದೊಡ್ಡ ಗುಣ ಈಗ ತಿಳಿಯುತ್ತದೆ. ಅಲ್ಲಿ ಓರೆ ಎಂಬುದೇ ಇಲ್ಲ. 10 ಕಿಲೋ ಪಟಕ್ಕೆ ತಲಾ 5 ಕಿಲೋ. ಚೌಕಟ್ಟನ್ನು ಹಿಂಡುವ ಬಲ ಸೊನ್ನೆ. ವಾಲುವ ಪ್ರಶ್ನೆಯೇ ಇಲ್ಲ. ಬೆಲೆ ಹೆಚ್ಚೆಂಬುದು ನಿಜ, ಆದರೆ ಈ ವ್ಯವಸ್ಥೆಯಲ್ಲಿ ಹಣ ಕೊಡುವುದು ಬರೀ ಅಂದಕ್ಕಲ್ಲ. ಆ ಹಣವಿಲ್ಲದವರು ಗೋಡೆಯ ಎರಡು ಮೊಳೆಯಿಂದ ಎರಡು ನೇರ ತಂತಿ ಇಳಿಬಿಟ್ಟರೂ ಭೌತವಿಜ್ಞಾನ ಅದಕ್ಕೇನೂ ಕಡಿಮೆ ಅಂಕ ಕೊಡುವುದಿಲ್ಲ.

ತಂತಿಯನ್ನು ಅಡ್ಡಕ್ಕೆ ಎಳೆಯುವವರ ಪಾಡು ಬೇರೆ. ಕಿಟಕಿಯ ಪರದೆಗೆ ಹಾಕುವ ಸ್ಪ್ರಿಂಗ್ ತಂತಿ ಎಲ್ಲರಿಗೂ ಗೊತ್ತು. ಪರದೆಯ ತೂಕ ಒಂದು ಕಿಲೋ ಇರಲಿಕ್ಕಿಲ್ಲ, ಆದರೂ ಕೊಕ್ಕೆ ಗಿಲಾವನ್ನು ಕಿತ್ತುಕೊಂಡು ಹೊರಬರುತ್ತದೆ. ಜೋಲು ಬಿತ್ತೆಂದು ಮನೆಯವರು ತಂತಿಯನ್ನು ಇನ್ನಷ್ಟು ಕತ್ತರಿಸಿ ಬಿಗಿಯುತ್ತಾರೆ. ಕೋನ ಇನ್ನೂ ಚಪ್ಪಟೆಯಾಗುತ್ತದೆ. ಎಳೆತ ಇನ್ನೂ ಏರುತ್ತದೆ. ಇಲ್ಲಿ ಎಳೆತ ನೇರವಾಗಿ ಗೋಡೆಯ ಕೊಕ್ಕೆಯ ಮೇಲೆಯೇ, ಅದೂ ಕೊಕ್ಕೆಯನ್ನು ಹೊರಕ್ಕೆ ಕೀಳುವ ದಿಕ್ಕಿನಲ್ಲೇ ಬೀಳುತ್ತದೆ. ಒದ್ದೆ ಸೀರೆ ಹೊತ್ತ ಹಿತ್ತಲಿನ ತಂತಿಯದೂ ಇದೇ ಕಥೆ. ಜೋಲು ಕಂಡರೆ ಸಿಟ್ಟಾಗಬೇಕಿಲ್ಲ, ಆ ಜೋಲೇ ತಂತಿಯ ಆಯುಸ್ಸು. ತೂಕ ಹೊತ್ತ ತಂತಿಯನ್ನು ಎಷ್ಟೇ ಎಳೆದರೂ ಪೂರ್ತಿ ಅಡ್ಡವಾಗಿ ನೇರ ಮಾಡಲಾಗದು. ವಿಲಿಯಂ ವ್ಹೀವೆಲ್ ಎಂಬ ಕೇಂಬ್ರಿಜ್ ವಿದ್ವಾಂಸ 1819ರಲ್ಲಿ ಬರೆದ ಯಂತ್ರಶಾಸ್ತ್ರದ ಪುಸ್ತಕದಲ್ಲಿ ಈ ವಿಷಯ ಹೇಳುವಾಗ ವಾಕ್ಯ ಅವನಿಗೇ ತಿಳಿಯದಂತೆ ಪ್ರಾಸಬದ್ಧ ಪದ್ಯವಾಗಿಬಿಟ್ಟಿತ್ತಂತೆ. ಗೆಳೆಯರು ಓದಿ ನಕ್ಕರು. ಮುಂದಿನ ಆವೃತ್ತಿಯಲ್ಲಿ ಆತ ಅದನ್ನು ಬದಲಿಸಿದ. ವಿಜ್ಞಾನದ ಪುಸ್ತಕದಲ್ಲಿ ತಾನಾಗಿ ಬಂದ ಕವಿತೆಯನ್ನು ಓಡಿಸಬೇಕಿತ್ತೇ?

1984ರಲ್ಲಿ ಇಂಗೋ ಮಾವುರರ್ ಎಂಬ ಜರ್ಮನ್ ವಿನ್ಯಾಸಕಾರ, ಗೋಡೆಯಿಂದ ಗೋಡೆಗೆ ಎಳೆದ ಎರಡು ತೆಳು ತಂತಿಗಳ ಮೇಲೆ ಕಡಿಮೆ ವೋಲ್ಟೇಜಿನ ಪುಟ್ಟ ಹ್ಯಾಲೊಜನ್ ದೀಪಗಳನ್ನು ತೂಗಿಬಿಡುವ ವ್ಯವಸ್ಥೆಯನ್ನು ಹೊರತಂದ. ಅದನ್ನು ನೋಡಿ ಎಲ್ಲೆಡೆ ಅನುಕರಣೆಗಳು ಬಂದವು. ದೀಪಗಳು ಹಗುರ, ಆದರೆ ತಂತಿ ಅಡ್ಡ. ತೂಕ ಕಡಿಮೆಯೆಂದು ಗಿಲಾವಿಗೆ ಕೊಕ್ಕೆ ಸಿಕ್ಕಿಸಿದರೆ ಪರದೆಯ ಗತಿಯೇ ದೀಪಕ್ಕೂ.

ಕೋನದ ವಿಷಯ ಇಷ್ಟಾಯಿತು. ಇನ್ನೊಂದು ಸಂಗತಿಯಿದೆ, ಕಣ್ಣಿಗೆ ಬೀಳದೆ ಇರುವಂಥದು: ಭಾರ ಹೋಗುವ ದಾರಿ. ಒಂದರ ಕೆಳಗೊಂದು ಪಟ ತೂಗುಹಾಕುವವರು, ಹಲಗೆಯ ಕೆಳಗೆ ಹಲಗೆ ತೂಗುವವರು ಇದನ್ನು ತಿಳಿದಿರಬೇಕು.

ಬಾವಿಯೊಳಕ್ಕೆ ಇಳಿಬಿಟ್ಟ ಹಗ್ಗದಲ್ಲಿ ಇಬ್ಬರು ಜೋತುಬಿದ್ದಿದ್ದಾರೆ ಎಂದುಕೊಳ್ಳಿ. ಮೇಲಿನವನೂ ಹಗ್ಗ ಹಿಡಿದಿದ್ದಾನೆ, ಕೆಳಗಿನವನೂ ಅದೇ ಹಗ್ಗ ಹಿಡಿದಿದ್ದಾನೆ. ಹಗ್ಗಕ್ಕೆ ಇಬ್ಬರ ಭಾರ. ಆದರೆ ಒಬ್ಬೊಬ್ಬರ ಕೈಗೆ ಅವರವರ ಭಾರ ಮಾತ್ರ. ಈಗ ಕೆಳಗಿನವನು ಹಗ್ಗ ಬಿಟ್ಟು ಮೇಲಿನವನ ಕಾಲು ಹಿಡಿದುಕೊಂಡ. ಹಗ್ಗಕ್ಕೆ ವ್ಯತ್ಯಾಸವೇ ಇಲ್ಲ, ಅದೇ ಇಬ್ಬರ ಭಾರ. ಮೇಲಿನವನ ಕೈಗೆ ಮಾತ್ರ ಒಮ್ಮೆಲೇ ಎರಡರಷ್ಟು. ದೂರದಿಂದ ನೋಡುವವರಿಗೆ ಎರಡು ಚಿತ್ರಗಳೂ ಒಂದೇ ರೀತಿ ಕಾಣುತ್ತವೆ.

ಇಷ್ಟು ಸಣ್ಣ ವ್ಯತ್ಯಾಸ 114 ಜನರ ಪ್ರಾಣ ತೆಗೆದದ್ದುಂಟು. ಅಮೆರಿಕದ ಮಿಸೌರಿ ರಾಜ್ಯದ ಕನ್ಸಾಸ್ ಸಿಟಿಯಲ್ಲಿ ಹಯಾತ್ ರೀಜೆನ್ಸಿ ಎಂಬ ಹೋಟೆಲು 1980ರಲ್ಲಿ ತೆರೆಯಿತು. ಅದರ ಎತ್ತರದ ಮೊಗಸಾಲೆಯ ಸೂರಿನಿಂದ ಉಕ್ಕಿನ ಸರಳುಗಳಲ್ಲಿ ತೂಗುಬಿಟ್ಟ ಕಾಲುಸೇತುವೆಗಳಿದ್ದವು. ನಾಲ್ಕನೆಯ ಅಂತಸ್ತಿನ ಸೇತುವೆಯ ನೇರ ಕೆಳಗೆ ಎರಡನೆಯ ಅಂತಸ್ತಿನದು. ಮೂಲ ನಕ್ಷೆಯಲ್ಲಿ ಉದ್ದನೆಯ ಒಂದೇ ಸರಳು ಸೂರಿನಿಂದ ಹೊರಟು ಮೇಲಿನ ಸೇತುವೆಯನ್ನು ಹಾದು ಕೆಳಗಿನದರವರೆಗೆ ಇಳಿಯಬೇಕಿತ್ತು. ಎರಡೂ ಸೇತುವೆಗಳು ತಮ್ಮ ತಮ್ಮ ನಟ್ಟುಗಳ ಮೇಲೆ ಅದೇ ಸರಳಿಗೆ ಕೂರಬೇಕಿತ್ತು. ಅಷ್ಟುದ್ದದ ಸರಳಿಗೆ ನಟ್ಟು ಏರಿಸಲು ಮರೆ ಕೊರೆಯುವುದು ತೊಡಕಿನ ಕೆಲಸ. ಅದಕ್ಕೆ ಸರಳನ್ನು ಎರಡಾಗಿ ಮಾಡಿದರು: ಸೂರಿನಿಂದ ಮೇಲಿನ ಸೇತುವೆಗೆ ಒಂದು, ಮೇಲಿನ ಸೇತುವೆಯಿಂದ ಕೆಳಗಿನದಕ್ಕೆ ಇನ್ನೊಂದು. ಕೆಳಗಿನವನು ಮೇಲಿನವನ ಕಾಲು ಹಿಡಿದುಕೊಂಡ ಹಾಗಾಯಿತು. ಮೇಲಿನ ಸೇತುವೆಯ ತೊಲೆಯಡಿಯ ನಟ್ಟಿನ ಮೇಲೆ ಭಾರ ಇಮ್ಮಡಿಸಿತು.

1981ರ ಜುಲೈ 17ರ ಸಂಜೆ ಅಲ್ಲಿ ನೃತ್ಯದ ಕಾರ್ಯಕ್ರಮ. ಮೊಗಸಾಲೆಯಲ್ಲಿ ಸಾವಿರಕ್ಕೂ ಹೆಚ್ಚು ಜನ. ಸೇತುವೆಗಳ ಮೇಲೂ ನಿಂತು ನೋಡುವವರಿದ್ದರು. ತೊಲೆಯನ್ನು ಸೀಳಿಕೊಂಡು ನಟ್ಟು ಮೇಲಕ್ಕೆ ನುಗ್ಗಿತು. ಎರಡೂ ಸೇತುವೆಗಳು ಒಂದರ ಮೇಲೊಂದು ನೆಲಕ್ಕಪ್ಪಳಿಸಿದವು. ಪ್ರತ್ಯೇಕವಾಗಿ ತೂಗುಬಿಟ್ಟಿದ್ದ ಮೂರನೆಯ ಅಂತಸ್ತಿನ ಸೇತುವೆ ಬೀಳಲಿಲ್ಲ. ತನಿಖೆಯಲ್ಲಿ ಮೂಲ ನಕ್ಷೆಯೂ ನಗರದ ನಿಯಮ ಕೇಳುವಷ್ಟು ಗಟ್ಟಿಯಾಗಿರಲಿಲ್ಲ ಎಂದು ತಿಳಿದುಬಂತು; ಅದರ ಮೇಲೆ ಈ ಬದಲಾವಣೆ. ವಿನ್ಯಾಸಕ್ಕೆ ಹೊಣೆಯಾದ ಇಬ್ಬರು ಎಂಜಿನಿಯರರು ಪರವಾನಗಿ ಕಳೆದುಕೊಂಡರು. ಸರಳು ಕಡಿದಿರಲಿಲ್ಲ ಎಂಬುದನ್ನು ಗಮನಿಸಬೇಕು. ಇಲ್ಲೂ ಮೊಳೆ ಅಲ್ಲೇ ಇತ್ತು ಎನ್ನಬಹುದು.

ಮನೆಯ ಪಟಕ್ಕೂ ಹೋಟೆಲಿನ ಸೇತುವೆಗೂ ಎಲ್ಲಿಯ ಹೋಲಿಕೆ ಎನಿಸಬಹುದು. ಆದರೆ ಮಂಚದ ತಲೆದೆಸೆಯ ಗೋಡೆಗೆ ಮೂರು ಪಟಗಳ ಸರ ಇಳಿಬಿಟ್ಟು, ಮೊದಲನೆಯ ಪಟದ ಕೆಳಗಂಚಿಗೆ ಎರಡನೆಯದನ್ನೂ, ಅದರ ಕೆಳಗಂಚಿಗೆ ಮೂರನೆಯದನ್ನೂ ಕೊಕ್ಕೆ ಹಾಕುವವರಿದ್ದಾರೆ. ಕೆಳಗೆ ಮಲಗುವುದು ಕೂಸು. ತಲಾ 3 ಕಿಲೋ ಎಂದರೂ ಮೇಲಿನ ಪಟದ ಕೊಕ್ಕೆಗಳು 9 ಕಿಲೋ ಹೊರಬೇಕು. ಅದರ ಚೌಕಟ್ಟಿನ ಕೆಳಪಟ್ಟಿ, ಬರೀ ಗಾಜು ಹಿಡಿಯಲೆಂದು ಅಂಟಿಸಿದ್ದು, 6 ಕಿಲೋ ಎಳೆತಕ್ಕೆ ಸಿಕ್ಕುತ್ತದೆ. ಅದರ ಬದಲು ಮೇಲಿನಿಂದ ಕೆಳಗಿನವರೆಗೆ ಎರಡು ಅಖಂಡ ತಂತಿ ಬಿಟ್ಟು, ಪ್ರತಿ ಪಟವನ್ನೂ ಅದದರ ಹಿಡಿಕೆಯಿಂದ ಆ ತಂತಿಗೇ ಸಿಕ್ಕಿಸಿದರೆ ಪ್ರತಿ ಹಿಡಿಕೆಗೂ ಒಂದು ಪಟದ ಭಾರ ಮಾತ್ರ. ಹೊಸ ಹಳಿ ವ್ಯವಸ್ಥೆಯ ತತ್ವವೇ ಇದು. ಹೀಗಿದ್ದರೂ ಮಲಗುವ ಜಾಗದ ಮೇಲೆ ಗಾಜಿನ ಪಟ ಬೇಡವೆನ್ನುವುದೇ ಸರಿ. ಗಾಜಿನ ಬದಲು ಅಕ್ರಿಲಿಕ್ ಹಾಳೆ ಹಾಕಿಸಿದರೆ ತೂಕ ಅರ್ಧಕ್ಕಿಂತ ಕಡಿಮೆಯಾಗುತ್ತದೆ, ಒಡೆದು ಚುಚ್ಚುವ ಭಯವೂ ಇಲ್ಲ. ಗೀರು ಬೇಗ ಬೀಳುತ್ತದೆ, ಅಷ್ಟೆ.

ಆ ಹಿಡಿಕೆಯ ಒಳಗಿನ ಜಾಣತನವನ್ನು ಹೇಳದಿದ್ದರೆ ಅನ್ಯಾಯ. ಕೆಲವು ಹಿಡಿಕೆಗಳಲ್ಲಿ ತಿರುಪು ಬಿಗಿದು ತಂತಿಯನ್ನು ಹಿಡಿಸುತ್ತಾರೆ. ಒಳ್ಳೆಯ ಹಿಡಿಕೆಯಲ್ಲಿ ತಿರುಪಿಲ್ಲ. ಒಳಗೆ ಲಾಳಿಕೆಯಂತೆ ಕಿರಿದಾಗುತ್ತ ಹೋಗುವ ಕುಳಿ, ಅದರಲ್ಲಿ ತಂತಿಯ ಸುತ್ತ ಮೂರು ಪುಟ್ಟ ಉಕ್ಕಿನ ಗುಂಡು, ಅವನ್ನು ಕಿರಿದಾದ ತುದಿಗೆ ಒತ್ತುವ ಸಣ್ಣ ಸ್ಪ್ರಿಂಗು. ಭಾರ ಕೆಳಕ್ಕೆ ಜಗ್ಗಿದಾಗ ಗುಂಡುಗಳು ಇನ್ನಷ್ಟು ಕಿರಿದಾದ ಜಾಗಕ್ಕೆ ಸಿಕ್ಕಿ ತಂತಿಯನ್ನು ಕಚ್ಚುತ್ತವೆ. ಭಾರ ಹೆಚ್ಚಿದಷ್ಟೂ ಹಿಡಿತ ಹೆಚ್ಚು. ಬಾಗಿಲ ಸಂದಿಗೆ ಸಿಕ್ಕಿಸುವ ಬೆಣೆಯ ಉಪಾಯವೇ ಇದು, ರೂಪ ಮಾತ್ರ ಬೇರೆ.

ತಂತಿಯಾದರೂ ಒಂಟಿ ಎಳೆಯಲ್ಲ. ಒಂದೂವರೆ ಮಿಲಿಮೀಟರ್ ದಪ್ಪದ ಹುರಿತಂತಿಯನ್ನು ಬಿಡಿಸಿ ನೋಡಿದರೆ ಏಳು ಹುರಿ, ಒಂದೊಂದು ಹುರಿಯಲ್ಲಿ ಏಳು ಎಳೆ, ಒಟ್ಟು 49 ಎಳೆಗಳಿರುವುದುಂಟು. ಸುಲಭವಾಗಿ ಬಾಗುತ್ತದೆ, ಒಂದು ಎಳೆಯಲ್ಲಿ ದೋಷವಿದ್ದರೆ ಉಳಿದವು ಹೊರುತ್ತವೆ, ಕಡಿಯುವ ಮುನ್ನ ಒಂದೆರಡು ಎಳೆ ಮುಳ್ಳಿನಂತೆ ಎದ್ದು ಮುನ್ಸೂಚನೆ ಕೊಡುತ್ತವೆ. ಸರಪಳಿಗೆ ಈ ಸೌಜನ್ಯವಿಲ್ಲ, ಒಂದು ಕೊಂಡಿ ಬಿಟ್ಟರೆ ಎಲ್ಲ ಮುಗಿಯಿತು. ಜರ್ಮನಿಯ ಹಾರ್ಜ್ ಬೆಟ್ಟಗಳ ಕ್ಲೌಸ್ಟಾಲ್ ಗಣಿಗಳಲ್ಲಿ ಸರಪಳಿ ತುಂಡಾಗುವುದನ್ನು ಕಂಡು ಬೇಸತ್ತ ವಿಲ್ಹೆಲ್ಮ್ ಆಲ್ಬರ್ಟ್ ಎಂಬ ಅಧಿಕಾರಿ 1834ರಲ್ಲಿ ಕಬ್ಬಿಣದ ಎಳೆಗಳನ್ನು ಹೊಸೆದು ಹಗ್ಗ ಮಾಡಿಸಿದ: ಮೂರು ಹುರಿ, ಒಂದೊಂದಕ್ಕೆ ನಾಲ್ಕು ಎಳೆ. ಆ ಹಗ್ಗದ ಸಂತತಿಯೇ ಮುಂದೆ ಕೋಲಾರದ ಚಿನ್ನದ ಗಣಿಯಲ್ಲಿ 3 ಕಿಲೋಮೀಟರಿಗೂ ಆಳದ ಚಾಂಪಿಯನ್ ರೀಫಿಗೆ ಕಾರ್ಮಿಕರನ್ನು ಇಳಿಸಿ ಮೇಲೆತ್ತಿತು. 2001ರಲ್ಲಿ ಗಣಿ ಮುಚ್ಚಿತು. ಡ್ರಾಯಿಂಗ್ ರೂಮಿನ ಪಟ ಹೊತ್ತ ತಂತಿ ಅದೇ ವಂಶದ ಮರಿಮಗು.

ಒಂದೂವರೆ ಮಿಲಿಮೀಟರಿನ ತುಕ್ಕುರಹಿತ ಹುರಿತಂತಿ 100 ಕಿಲೋ ಮೀರಿದ ಎಳೆತಕ್ಕೆ ಕಡಿಯುತ್ತದೆ. ಹಾಗೆಂದು 100 ಕಿಲೋ ತೂಗಿಸುವಂತಿಲ್ಲ. ಐದನೆಯ ಒಂದು ಪಾಲು, ಎಂದರೆ 20 ಕಿಲೋ ಮೀರದಿರುವುದು ವಾಡಿಕೆಯ ಎಚ್ಚರಿಕೆ. ಗಂಟು ಹಾಕಿದರೆ ತಂತಿಯ ಶಕ್ತಿ ತಗ್ಗುತ್ತದೆ. ತುದಿಯನ್ನು ಕುಣಿಕೆ ಮಾಡಿ ಲೋಹದ ತೋಳು ತೊಡಿಸಿ ಒತ್ತಿಸಬೇಕು. ಮಂಗಳೂರು, ಕಾರವಾರದ ಕಡೆಯ ಉಪ್ಪುಗಾಳಿಗೆ ಸಾಮಾನ್ಯ ಸ್ಟೇನ್‌ಲೆಸ್ ಉಕ್ಕೂ ಕಲೆಗಟ್ಟುತ್ತದೆ; ಅಲ್ಲಿ 316 ಎಂಬ ದರ್ಜೆಯದು ಬೇಕು, ಅದರಲ್ಲಿ ಮಾಲಿಬ್ಡಿನಂ ಬೆರಕೆಯಿದೆ. ಸಿಮೆಂಟು ಕೆಲಸದವರು ಸರಳು ಕಟ್ಟುವ ಬೈಂಡಿಂಗ್ ವೈರಿನಲ್ಲಿ ಪಟ ಕಟ್ಟುವ ಅಭ್ಯಾಸವನ್ನಂತೂ ಬಿಡಬೇಕು. ಅದು ಮೆದು ಕಬ್ಬಿಣ. ಮೊಳೆಯ ಮೇಲೆ ಬಾಗಿದ ಜಾಗದಲ್ಲೇ ತುಕ್ಕು ಹಿಡಿಯುತ್ತದೆ, ಆ ಜಾಗ ಪಟದ ಹಿಂದೆ ಮರೆಯಾಗಿರುತ್ತದೆ. ಮೀನು ಹಿಡಿಯುವ ನೈಲಾನ್ ದಾರ ಕಣ್ಣಿಗೆ ಕಾಣುವುದಿಲ್ಲವೆಂದು ಕೆಲವರು ಮೆಚ್ಚುತ್ತಾರೆ. ನೈಲಾನು ಸತತ ಭಾರಕ್ಕೆ ನಿಧಾನವಾಗಿ ಹಿಗ್ಗುತ್ತದೆ, ಬಿಸಿಲಿಗೆ ಸೊರಗುತ್ತದೆ. ಹಬ್ಬದ ಮಾವಿನೆಲೆ ತೋರಣಕ್ಕೆ ಸಾಕು.

ಇನ್ನು ಗೋಡೆ. ಗಟ್ಟಿ ಇಟ್ಟಿಗೆಯ ಗೋಡೆಗೆ ಮೊಳೆ ಹಿಡಿಯುತ್ತದೆ. ಗಿಲಾವಿಗೆ ಮಾತ್ರ ಹಿಡಿದ ಮೊಳೆ ಹಿಡಿದಂತಲ್ಲ. ಮಣ್ಣಿನ ಗೋಡೆ, ಮುರಕಲ್ಲು, ಟೊಳ್ಳು ಕಾಂಕ್ರೀಟ್ ಇಟ್ಟಿಗೆ ಒಂದೊಂದರ ಸ್ವಭಾವ ಬೇರೆ. ಡ್ರಿಲ್ಲಿನಿಂದ ತೂತು ಕೊರೆದು ಬೆಣೆ ತುಂಬಿ ತಿರುಪು ಹಾಕುವ ಉಪಾಯವನ್ನು ಸುಮಾರು 1910ರಲ್ಲಿ ಜಾನ್ ಜೋಸೆಫ್ ರಾಲಿಂಗ್ಸ್ ಎಂಬ ಲಂಡನ್ ಗುತ್ತಿಗೆದಾರ ಕಂಡುಕೊಂಡ. ಬ್ರಿಟಿಷ್ ಮ್ಯೂಸಿಯಮ್ಮಿನ ಗೋಡೆ ಕೆಡಿಸದೆ ವಿದ್ಯುತ್ ಉಪಕರಣ ಕೂರಿಸಬೇಕಿತ್ತಂತೆ. ಆ ಹೆಸರೇ ರಾಲ್ ಪ್ಲಗ್ ಆಗಿ ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಉಳಿದಿದೆ. ಈಗಿನ ನೈಲಾನ್ ಪ್ಲಗ್ಗನ್ನು 1958ರಲ್ಲಿ ರೂಪಿಸಿದವನು ಜರ್ಮನಿಯ ಆರ್ಟೂರ್ ಫಿಶರ್. ಸೂರಿಗೆ ಜಿಪ್ಸಂ ಹಲಗೆಯ ಅಲಂಕಾರ ಮಾಡಿಸಿದ ಮನೆಗಳಲ್ಲಿ ಹಳಿಯನ್ನು ಆ ಹಲಗೆಗೇ ತಿರುಪುವ ತಪ್ಪು ನಡೆಯುತ್ತಿರುತ್ತದೆ. ಹಳಿ ನಿಜವಾದ ಕಾಂಕ್ರೀಟಿಗೋ ಗೋಡೆಗೋ ಸೇರಬೇಕು. ಹಲಗೆ ತನ್ನ ಭಾರ ಹೊತ್ತರೆ ಸಾಕು.

ಕೊನೆಗೆ, ತೂಗುವ ಪೀಠೋಪಕರಣಗಳಲ್ಲಿ ನಮ್ಮವರಿಗೆ ಅತಿ ಪ್ರಿಯವಾದ ಉಯ್ಯಾಲೆ ಮಣೆಯ ಮಾತು. ಪಟ ಸುಮ್ಮನಿರುತ್ತದೆ, ಉಯ್ಯಾಲೆ ಸುಮ್ಮನಿರುವುದಿಲ್ಲ. ಸುಮ್ಮನೆ ನಿಂತ ಉಯ್ಯಾಲೆಯ ಸರಪಳಿಗೆ ಕುಳಿತವರ ತೂಕವಷ್ಟೇ. ಲಂಬಕ್ಕೆ 45 ಡಿಗ್ರಿ ಎತ್ತರದವರೆಗೆ ಜೀಕಿದರೆ, ಕೆಳಗಿನ ಬಿಂದುವನ್ನು ಹಾದುಹೋಗುವಾಗ ಎಳೆತ ಒಂದೂವರೆ ಪಟ್ಟಿಗೂ ಸ್ವಲ್ಪ ಹೆಚ್ಚು. 60 ಡಿಗ್ರಿಗೆ ಸರಿಯಾಗಿ ಎರಡು ಪಟ್ಟು. ತಲಾ 60 ಕಿಲೋದ ಇಬ್ಬರು, 20 ಕಿಲೋದ ಮಣೆ, ಒಟ್ಟು 140. ಜೋರಾಗಿ ಜೀಕಿದರೆ 280 ಕಿಲೋ. ನಾಲ್ಕು ಸರಪಳಿಗಳೂ ಸಮನಾಗಿ ಹಂಚಿಕೊಳ್ಳುತ್ತವೆಂಬ ಖಾತರಿಯಿಲ್ಲ. ಹಳೆಯ ಮನೆಗಳಲ್ಲಿ ಕೊಂಡಿಯನ್ನು ತೊಲೆಯ ಆಚೆಬದಿಗೆ ಹಾಯಿಸಿ ಬಿಗಿಯುತ್ತಿದ್ದರು. ತಾರಸಿ ಮನೆಯಲ್ಲಿ ಕಾಂಕ್ರೀಟ್ ಹಾಕುವ ಮೊದಲೇ ಕಂಬಿಗೆ ಕೊಕ್ಕೆ ಸೇರಿಸಿ ಕಟ್ಟಿಸುವುದು ಉತ್ತಮ; ಆಮೇಲೆ ಕೊರೆದು ಹಾಕುವುದಾದರೆ ಎಂಜಿನಿಯರರನ್ನು ಕೇಳಿಯೇ ಹಾಕಿಸಬೇಕು. ಕೊಕ್ಕೆಯೂ ಸರಪಳಿಯ ಮೊದಲ ಕೊಂಡಿಯೂ ಒಂದನ್ನೊಂದು ಉಜ್ಜುತ್ತ ಸವೆಯುವ ಜಾಗ ಸೂರಿನ ಬಳಿಯಿರುತ್ತದೆ, ಕೆಳಗಿನಿಂದ ಕಾಣುವುದಿಲ್ಲ. ಯುಗಾದಿಗೋ ದೀಪಾವಳಿಗೋ ಧೂಳು ಹೊಡೆಯಲು ಏಣಿ ಹತ್ತಿದವರು ಆ ಕೊಂಡಿಯನ್ನು ಒಮ್ಮೆ ಬಿಚ್ಚಿ ನೋಡಿ, ಮೂರನೆಯ ಒಂದು ಪಾಲು ಸವೆದಿದ್ದರೆ ಬದಲಾಯಿಸಲಿ. ಹಾಗೆಯೇ ಇಳಿದು ಬರುವಾಗ ಗೋಡೆಯ ಪಟಗಳ ಹಿಂದೆ ಕೈಹಾಕಿ, ಮೊಳೆಯ ಮೇಲೆ ಬಾಗಿದ ತಂತಿಯ ಜಾಗವನ್ನು ಬೆರಳಿನಿಂದ ಸವರಿ ನೋಡಲಿ. ಬೆರಳಿಗೆ ಕೆಂಪು ಪುಡಿ ಹತ್ತಿದರೆ ಪಟವನ್ನು ಅಂದೇ ಕೆಳಗಿಳಿಸಬೇಕು.